ಎರೆಯುವ ಕಾಲು

ಯಲಬುರ್ಗಾದ ಆ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ತಾಯಿಯ ಮಡಿಲು ಬಿಟ್ಟರೆ ಮೊದಲು ಪರಿಚಯವಾಗುತ್ತಿದ್ದುದು ಗಾಳೆಮ್ಮನ ಕಾಲು. ಅವಳು ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆ ಮೇಲೆ ಸರಿಸಿ, ಎರಡೂ ಕಾಲು ಜೋಡಿಸಿ ನೀಳವಾಗಿ ಚಾಚುತ್ತಿದ್ದಳು. ಮೊಣಕಾಲಿನಿಂದ ಪಾದದವರೆಗೆ ಎರಡು ಕಾಲುಗಳ ನಡುವೆ ಒಂದು ಸಣ್ಣ ತಗ್ಗು. ಎಣ್ಣೆ ಹಚ್ಚಿದ ಕೂಸನ್ನು ಅದರಲ್ಲಿ ಬೋರಲು ಮಲಗಿಸಿದರೆ ಅದು ಅಲ್ಲಿಗಾಗಿಯೇ ಹುಟ್ಟಿ ಬಂದಂತೆ ಕೂತುಬಿಡುತ್ತಿತ್ತು. ಆದರೆ ಮೊದಲ ತಂಬಿಗೆ ನೀರು ಕೂಸಿಗಲ್ಲ. ಅದನ್ನು ಗಾಳೆಮ್ಮ ತನ್ನ ಮೊಣಕಾಲ ಕೆಳಗಿನ ಚರ್ಮದ ಮೇಲೆ ಸುರಿದುಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ, “ಹದ ಐತಿ” ಅನ್ನುತ್ತಿದ್ದಳು. ರೊಟ್ಟಿ ಬಡಿದು ಬಡಿದು, ಒಲೆಯ ಮೇಲಿನ ಗಡಿಗೆ ಬರಿಗೈಯಿಂದ ಇಳಿಸಿ ಅಂಗೈ ಚಕ್ಕಳವಾಗಿತ್ತು. ನೀರಿನ ಬಿಸಿ ಹೇಳುವ ಚರ್ಮವೆಂದು ಅವಳು ನಂಬಿದ್ದು ಮೊಣಕಾಲ ಕೆಳಗಿನ ಅದೊಂದೇ ಜಾಗವನ್ನು.

ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ತಮ್ಮ ವಿರುಪಣ್ಣನ ಮನೆಗೆ ಬಂದು ಉಳಿದವಳು. ವಿರುಪಣ್ಣ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಅಕ್ಕನಿಗೆ ಮಕ್ಕಳಿಲ್ಲವೆಂಬ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಬಾರದ ಮಾತಿಗೂ ಮನೆಯಲ್ಲಿ ಒಂದು ಜಾಗವಿರುತ್ತದೆ, ಎಲ್ಲರೂ ಅದನ್ನು ತುಳಿಯದೆ ಸುತ್ತಿ ಬಳಸಿ ಓಡಾಡುತ್ತಾರೆ.

ಅರವತ್ತರ ಹತ್ತಿರ ಬರುತ್ತಿದ್ದಂತೆ ಅವಳ ಮೊಣಕಾಲುಗಳು ಹೊರಕ್ಕೆ ಬಾಗತೊಡಗಿದವು. ನಡೆದರೆ ಬಿಲ್ಲು ನಡೆದಂತೆ. ಕಾಲು ಚಾಚಿದರೆ ಪೂರ್ತಿ ನೀಳವಾಗದು, ಜೋಡಿಸಿದರೆ ನಡುವೆ ಅಂಗೈ ತೂರುವಷ್ಟು ಸಂದಿ. ಒಂದು ದಿನ ನೆರೆಮನೆಯ ಕೂಸೊಂದು ಆ ಸಂದಿಯಲ್ಲಿ ಜಾರಿತು. ಕೈ ಕೊಟ್ಟು ಹಿಡಿದಳು, ಕೂಸಿಗೆ ಏನೂ ಆಗಲಿಲ್ಲ. ಆದರೆ ಮರುದಿನ ಆ ಮನೆಯಿಂದ ಯಾರೂ ಕರೆಯಲು ಬರಲಿಲ್ಲ. ಆಮೇಲೆ ಬೇರೆ ಮನೆಯವರೂ ಬರಲಿಲ್ಲ. ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಉತ್ತರ ಕೊಡಬಹುದಿತ್ತು.

ಆ ವರ್ಷವೇ, ಎಂಬತ್ತೇಳರ ಸಂಕ್ರಾಂತಿ ಕಳೆದ ಮೇಲೆ, ವಿರುಪಣ್ಣನ ಮಗಳು ಕಳಕಮ್ಮ ಬಸುರಿ ಎಂಬ ಸುದ್ದಿ ಕುಷ್ಟಗಿಯಿಂದ ಬಂತು. ಮೊದಲ ಹೆರಿಗೆ, ತವರಿಗೇ ಬರಬೇಕು. ಕಳಕಮ್ಮನನ್ನು ಎರೆದು ದೊಡ್ಡವಳನ್ನಾಗಿ ಮಾಡಿದವಳು ಗಾಳೆಮ್ಮ. ಅಂದು ಸಂಜೆ ಅವಳು ತಮ್ಮನ ಮುಂದೆ ಕೂತು, ಬೆಂಗಳೂರಿನ ದೊಡ್ಡ ದವಾಖಾನೆಯಲ್ಲಿ ಸವೆದ ಕೀಲು ತೆಗೆದು ಬೇರೆ ಕೀಲು ಕೂಡಿಸುತ್ತಾರಂತೆ ಎಂದು ಅವನೇ ಎಂದೋ ಹೇಳಿದ್ದ ಮಾತನ್ನು ಎತ್ತಿದಳು.

“ಆವಾಗ ಬ್ಯಾಡ ಅಂದಿದ್ದಿಯಲ್ಲಕ್ಕಾ?” ಎಂದ ವಿರುಪಣ್ಣ.

“ಈಗ ಬೇಕು.”

ಮರುದಿನವೇ ಅವನು ಕಚೇರಿಗೆ ರಜೆ ಬರೆದುಕೊಟ್ಟ.

ತಯಾರಿ ಎಂದರೆ ಅವಳು ಎಣಿಸಿದಂತಿರಲಿಲ್ಲ. ಮೊದಲ ಸಲ ಬೆಂಗಳೂರಿಗೆ ತೋರಿಸಲು ಹೋದಾಗ ಡಾಕ್ಟರು ಮೊಣಕಾಲು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಬಾಯಿ ನೋಡಿದರು. ಹುಳುಕು ಹಲ್ಲಿದ್ದರೆ ಅಲ್ಲಿನ ನಂಜು ರಕ್ತದಲ್ಲಿ ಹರಿದು ಹೊಸ ಕೀಲಿಗೆ ಇಳಿಯುತ್ತದಂತೆ. ಹಿಮ್ಮಡಿಯ ಒಡಕು ಮಾಯಬೇಕು, ಎಲೆ ಅಡಿಕೆಯ ಜೊತೆಗಿನ ತಂಬಾಕು ಬಿಡಬೇಕು, ತೊಡೆಗೆ ಬಲ ಬರಲು ಮಲಗಿದಲ್ಲೇ ಕಾಲು ಎತ್ತಿ ಇಳಿಸಬೇಕು. ಕೊಪ್ಪಳದಲ್ಲಿ ಎರಡು ಹಲ್ಲು ಕೀಳಿಸಿಕೊಂಡು, ಗಲ್ಲ ಊದಿಸಿಕೊಂಡು ಬಸ್ಸಿಳಿದ ದಿನ ಪಕ್ಕದ ಮನೆಯ ತಾಜಬೀ ಬಾಗಿಲಲ್ಲೇ ನಿಂತಿದ್ದಳು. ಅವಳ ಮಕ್ಕಳೆಲ್ಲ ಗಾಳೆಮ್ಮನ ಕಾಲ ಮೇಲೆ ಎರೆಸಿಕೊಂಡವರೇ.

“ಅಲ್ಲ ಗಾಳವ್ವಾ, ಮಣಕಾಲ ನೋವಿಗೆ ಹಲ್ಲು ಕೀಳಿಸ್ಕೊಂಡು ಬಂದೀಯಲ್ಲ, ನಾಳೆ ತಲಿಬ್ಯಾನಿ ಬಂದ್ರ ಏನು ಕೀಳಿಸ್ಕೊಂತೀ?”

“ನಿನ್ನ ನಾಲಿಗಿ,” ಎಂದಳು ಗಾಳೆಮ್ಮ, ಬಾಯಲ್ಲಿದ್ದ ಹತ್ತಿಯ ಸಂದಿಯಿಂದ.

ಯುಗಾದಿ ಮುಗಿಸಿಕೊಂಡು ಅಕ್ಕ ತಮ್ಮ ಮತ್ತೆ ಬೆಂಗಳೂರಿಗೆ ಹೋದರು. ಕೊಪ್ಪಳದವರೆಗೆ ಬಸ್ಸು, ಹುಬ್ಬಳ್ಳಿಗೆ ರೈಲು, ಅಲ್ಲಿಂದ ಇನ್ನೊಂದು ರೈಲು. ದಾರಿಯುದ್ದಕ್ಕೂ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಕೂತರು. ಎರೆಹೊಲ ಮುಗಿದು ಕೆಂಪು ನೆಲ ಬಂದಾಗ ವಿರುಪಣ್ಣ “ಮಣ್ಣು ಬದಲಾತು” ಎಂದ. ಅವಳು “ಹೂಂ” ಎಂದಳು.

ಆಪರೇಷನ್ನಿನ ಹಿಂದಿನ ದಿನ ಮೈಸೂರು ಕಡೆಯ ಹರೆಯದ ಡಾಕ್ಟರೊಬ್ಬರು ಹಾಸಿಗೆಯ ಬಳಿ ಬಂದು ನಿಂತರು. ಒಳ್ಳೆಯ ಮನುಷ್ಯ, ನಗುಮುಖ. ಎರಡು ಕಾಲಿಗೂ ಮಾಡುವುದು, ಮೊದಲು ಬಲ, ಎರಡು ವಾರ ಬಿಟ್ಟು ಎಡ ಎಂದು ತಿಳಿಸಿ ಹೇಳಿದರು. ಆಮೇಲೆ ಕೇಳಿದರು:

“ಕಾಲು ಸರಿಹೋದ ಮೇಲೆ ಏನು ಮಾಡ್ಬೇಕು ಅಂತಿದ್ದೀರ ಅಜ್ಜಿ? ಬೆಟ್ಟ ಹತ್ತಬೇಕಾ?”

ಗಾಳೆಮ್ಮ ತಡಮಾಡದೆ ಅಂದಳು, “ಕೂಸು ಎರಿಬೇಕ್ರಿ.”

ಡಾಕ್ಟರ ಹುಬ್ಬು ಮೇಲೇರಿತು. ಅವರ ಕಡೆ ಹಳ್ಳಿಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಅವರಿಗೆ ಕೇಳಿಸಿದ್ದು ಬೇರೆಯೇ.

“ಹೆರಬೇಕಾ? ಈ ವಯಸ್ಸಲ್ಲಾ?” ಎಂದು ಗಟ್ಟಿಯಾಗಿ ನಕ್ಕರು. “ಅದಕ್ಕೆ ಬೇರೆ ಡಾಕ್ಟ್ರಿದ್ದಾರೆ ಅಜ್ಜಿ, ನಮ್ಮದು ಬರೀ ಮೂಳೆ!”

ನರ್ಸುಗಳು ನಕ್ಕರು. ಪಕ್ಕದ ಹಾಸಿಗೆಯ ಹೆಂಗಸೂ ಸೆರಗು ಬಾಯಿಗೆ ಒತ್ತಿಕೊಂಡಳು. ಗಾಳೆಮ್ಮನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಹೊದಿಕೆಯನ್ನು ಮೊಣಕಾಲ ಮೇಲೆ ಎಳೆದುಕೊಂಡಳು. ಮನೆಯಲ್ಲಿ ನಲವತ್ತು ವರ್ಷ ಎಲ್ಲರೂ ಸುತ್ತಿ ಬಳಸಿ ಓಡಾಡಿದ್ದನ್ನು ಗೊತ್ತಿಲ್ಲದವನೊಬ್ಬ ನೇರವಾಗಿ ತುಳಿದಿದ್ದ.

“ಎರಿಯೋದು ಅಂದ್ರ ನೀರು ಹಾಕೋದ್ರಿ, ಜಳಕ ಮಾಡ್ಸೋದು,” ಎಂದ ವಿರುಪಣ್ಣ, ಗೋಡೆ ನೋಡುತ್ತ. “ನಮ್ಮ ಕಡಿ ಹಂಗ ಅಂತಾರ್ರಿ.”

“ಓ, ಸ್ನಾನ! ಮಾಡಿಸಿ ಅಜ್ಜಿ, ಧಾರಾಳವಾಗಿ ಮಾಡಿಸಿ,” ಎಂದು ಡಾಕ್ಟರು ಅವಳ ಭುಜ ತಟ್ಟಿ ಮುಂದಿನ ಹಾಸಿಗೆಗೆ ಹೋದರು. ಹೇಗೆ ಕೂತು ಎರೆಯುತ್ತೀರಿ, ಕಾಲು ಎಲ್ಲಿರುತ್ತದೆ, ನೀರು ಎಲ್ಲಿ ಬೀಳುತ್ತದೆ ಎಂದು ಅವರು ಕೇಳಲಿಲ್ಲ. ಅವಳಿಗೂ ಹೇಳುವ ಬಾಯಿ ಉಳಿದಿರಲಿಲ್ಲ.

ಎರಡೂ ಆಪರೇಷನ್ ಸುಸೂತ್ರವಾಗಿ ಆದವು. ನೋವು ಅವಳು ತಿಳಿದಿದ್ದಕ್ಕಿಂತ ಹೆಚ್ಚಿತ್ತು, ಆದರೆ ಹಳೆಯ ನೋವಿನಂತೆ ಅದು ಸುಳ್ಳು ಹೇಳುತ್ತಿರಲಿಲ್ಲ, ದಿನದಿನಕ್ಕೆ ಇಳಿಯಿತು. ನಾಲ್ಕು ಕಾಲಿನ ಸಲಾಕೆಯ ಚೌಕಟ್ಟು ಹಿಡಿದು ನಿಂತ ದಿನ ಅವಳು ಕೆಳಗೆ ನೋಡಿದಳು. ಎರಡು ಕಾಲು ನೆಟ್ಟಗೆ, ಒಂದರ ಪಕ್ಕ ಒಂದು. ಯಾರದೋ ಕಾಲು ನೋಡಿದಂತಾಯಿತು. ವ್ಯಾಯಾಮ ಮಾಡಿಸುವ ಹೆಂಗಸು ದಿನವೂ ಬಂದು, ಮೊಣಕಾಲನ್ನು ಹಾಸಿಗೆಗೆ ಒತ್ತಿ ಹಿಡಿಯಲು ಕಲಿಸಿದಳು. ಹಿಮ್ಮಡಿಯ ಕೆಳಗೆ ಬಟ್ಟೆಯ ಸುರುಳಿ ಇಡಬಹುದು, ಮೊಣಕಾಲ ಕೆಳಗೆ ಮಾತ್ರ ಏನೂ ಇಡಬಾರದು, ಇಟ್ಟರೆ ಕಾಲು ಮಡಿಕೆಯಲ್ಲೇ ಬಿಗಿದುಕೊಳ್ಳುತ್ತದೆ ಎಂದು ಮೇಲಿಂದ ಮೇಲೆ ಹೇಳಿದಳು. ದವಾಖಾನೆಯಿಂದ ಕಳಿಸುವಾಗ ಡಾಕ್ಟರು, ನೆಲದ ಮೇಲೆ ಕೂಡಬೇಡಿ ಎಂದರು. ಗಾಯದ ಪಕ್ಕದ ಚರ್ಮ ಜೋಮು ಹಿಡಿದಂತಿರುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ, ಅದರಿಂದ ತೊಂದರೆಯಿಲ್ಲ ಎಂದರು. ಊರಿಗೆ ಹೊರಟ ಗಡಿಬಿಡಿಯಲ್ಲಿ ನೆಲದ ಮಾತೊಂದೇ ಅವಳ ಕಿವಿಯಲ್ಲಿ ಉಳಿಯಿತು.

ಮನೆಯಲ್ಲಿ ವಿರುಪಣ್ಣನ ಹೆಂಡತಿ ಮುದಕಮ್ಮ ಹಾಸಿಗೆ ಹಾಸಿಟ್ಟಿದ್ದಳು. ಮುದಕಮ್ಮನದು ಮಾತಿಗಿಂತ ಕೈ ಮುಂದು. ಗಾಳೆಮ್ಮ ಮಲಗಿದ್ದೇ ತಡ, ಹಳೆ ಸೀರೆಗಳ ಕೌದಿಯೊಂದನ್ನು ಮಡಿಚಿ ಮೊಣಕಾಲ ಕೆಳಗೆ ಇಟ್ಟಳು.

“ಇಡಬಾರದಂತವಾ.”

“ಅವರಿಗೇನು ಗೊತ್ತದ ಅಕ್ಕಾರ, ಅವ್ರು ಕಬ್ಬಿಣದ ಮಂಚದಾಗ ಮಲಗ್ಸೋರು. ಕೌದಿ ಅದು, ಕಲ್ಲಲ್ಲ.”

ಹಿತವಾಗಿತ್ತು. ಹಿತವಾಗಿದ್ದೇ ಕೇಡಾಯಿತು. ಎಷ್ಟೋ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಗಾಳೆಮ್ಮ ತನ್ನ ಕಾಲು ಚಾಚಿ, ಮಗುವಿನ ಉದ್ದದ ಬಟ್ಟೆಯ ಗಂಟೊಂದನ್ನು ಮೇಲಿಟ್ಟು ನೋಡಿದಳು. ಮೊಣಕಾಲು ಗುಡ್ಡದಂತೆ ಎದ್ದಿತ್ತು. ಗಂಟು ಪಾದದ ಕಡೆ ಉರುಳಿ ಬಿತ್ತು. ಅವಳು ಕೌದಿ ಎಳೆದು ಬಾಗಿಲ ಕಡೆ ಎಸೆದಳು. ಸದ್ದು ಕೇಳಿ ಬಂದ ಮುದಕಮ್ಮ ಬಾಗಿಲಲ್ಲೇ ನಿಂತಳು.

“ಸಿಟ್ಟು ಬಂತೇನ್ರಿ?”

“ನಿನ್ನ ಮ್ಯಾಲಲ್ಲ. ನಂಗೂ ಅದರ ಮ್ಯಾಲ ಮಲಗೋದು ಛಲೋ ಅನಸ್ತಿತ್ತು.”

ಅಂದಿನಿಂದ ಬೆಳಗು ಸಂಜೆ ಅವಳು ಹಲ್ಲು ಕಚ್ಚಿ ಮೊಣಕಾಲು ಒತ್ತಿದಳು. ಶ್ರಾವಣ ಬರುವ ಹೊತ್ತಿಗೆ ಕಾಲು ಹಲಗೆಯಂತೆ ನೆಟ್ಟಗಾಯಿತು. ಕೋಲು ಹಿಡಿದು ತಾಜಬೀಯ ಮನೆಯವರೆಗೆ ಹೋಗಿ ಬಂದಳು. ಕಳಕಮ್ಮ ತವರಿಗೆ ಬಂದಿದ್ದಳು. ಬಂದವಳು ಸೋದರತ್ತೆಯ ಕಾಲನ್ನು ಒಮ್ಮೆ ನೋಡಿ, ಕಣ್ಣು ಸರಿಸಿದಳು. ಜಾರಿದ ಕೂಸಿನ ಕತೆ ಕುಷ್ಟಗಿಗೂ ಮುಟ್ಟಿರಬೇಕು.

ಒಂದು ದಿನ ಕುರ್ಚಿಯ ಮೇಲೆ ಕೂತು ಸ್ನಾನ ಮಾಡುವಾಗ ಗಾಳೆಮ್ಮ, ಆಪರೇಷನ್ ಆದ ಮೇಲೆ ಮೊದಲ ಸಲ, ಹಳೆಯ ರೂಢಿಯಂತೆ ಮೊದಲ ತಂಬಿಗೆಯನ್ನು ಮೊಣಕಾಲ ಕೆಳಗೆ ಸುರಿದುಕೊಂಡಳು. ಏನೂ ಅನಿಸಲಿಲ್ಲ. ನೀರು ತಣ್ಣಗಿದೆ ಎಂದುಕೊಂಡು ತೊಡೆಯ ಮೇಲೆ ಹಾಕಿಕೊಂಡರೆ ಚುರುಕ್ ಎಂದಿತು. ಮತ್ತೆ ಕೆಳಗೆ ಸುರಿದಳು. ಬಲಗಾಲು, ಎಡಗಾಲು. ಹರಿಯುವುದು ಕಾಣುತ್ತಿತ್ತು, ಮುಟ್ಟುವುದು ತಿಳಿಯುತ್ತಿರಲಿಲ್ಲ. ಆಗ ಡಾಕ್ಟರ ಮಾತು ನೆನಪಾಯಿತು. ತೊಂದರೆಯಿಲ್ಲ ಎಂದಿದ್ದರು. ನಡೆಯುವವರಿಗೆ ತೊಂದರೆಯಿಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರೂ ಬಯ್ಯುವುದಿಲ್ಲ, ಬೇಡ ಎನ್ನುವುದೂ ಇಲ್ಲ, ಮತ್ತೆ ಸುಮ್ಮನಾಗಿಬಿಡುತ್ತಾರೆ. ಅದನ್ನು ಅವಳು ಬಲ್ಲಳು. ದಿನವೂ ಬಚ್ಚಲಲ್ಲಿ ಕೂತು ಸುರಿದುಕೊಂಡು, ಚರ್ಮಕ್ಕೆ ಜೀವ ಬಂತೇ ಎಂದು ಕಾದಳು. ಬರಲಿಲ್ಲ.

ಕಳಕಮ್ಮನಿಗೆ ಸರ್ಕಾರಿ ದವಾಖಾನೆಯಲ್ಲಿ ಹೆಣ್ಣು ಕೂಸಾಯಿತು. ಐದನೆಯ ದಿನ ಎರೆಯಬೇಕು. ನೆಲದ ಮೇಲೆ ಕೂಡುವಂತಿಲ್ಲವಲ್ಲ ಎಂದು ವಿರುಪಣ್ಣ ತಲೆ ಕೆರೆದುಕೊಳ್ಳುತ್ತಿದ್ದರೆ ತಾಜಬೀ ತನ್ನ ಮನೆಯ ಹಗ್ಗ ಹೆಣೆದ ಹೊರಸಿನ ಮಂಚವನ್ನು ಹೊರಿಸಿಕೊಂಡು ಬಂದು ಅಂಗಳದಲ್ಲಿ ಹಾಕಿಸಿದಳು.

“ಇದರ ಮ್ಯಾಲ ಕಾಲು ಚಾಚಿ ಕುಂಡ್ರು. ನೀರು ಹಗ್ಗದ ಸಂದ್ಯಾಗ ತಾನ ಸೋರ್ತೈತಿ. ರಾಣಿ ಕುಂತಂಗ ಕುಂಡ್ರು.”

“ರಾಣಿಗಿ ಹಲ್ಲಿಲ್ಲಲ್ಲ,” ಎಂದಳು ಮುದಕಮ್ಮ. ಎಲ್ಲರೂ ನಕ್ಕರು.

ಗಾಳೆಮ್ಮ ಹೊರಸಿನ ಮೇಲೆ ಕೂತು ಕಾಲು ಜೋಡಿಸಿ ಚಾಚಿದಳು. ಸಂದಿಯಿಲ್ಲ. ಕಳಕಮ್ಮನ ಕಣ್ಣು ಆ ಕಾಲಿನ ಮೇಲೆ ಬಹಳ ಹೊತ್ತು ನಿಂತು, ಈ ಸಲ ಸರಿಯಲಿಲ್ಲ. ಎಣ್ಣೆ ಹಚ್ಚಿದ ಕೂಸು ಅವಳ ಕೈಯಲ್ಲಿ ಕೆಂಪಾಗಿ ಅಳುತ್ತಿತ್ತು. ಮುದಕಮ್ಮ ಹಂಡೆಯ ನೀರನ್ನು ಕೊಡಕ್ಕೆ ಬಗ್ಗಿಸಿ ತಂದಿಟ್ಟಳು. ಗಾಳೆಮ್ಮ ತಂಬಿಗೆ ಅದ್ದಿ ಮೊಣಕಾಲ ಕೆಳಗೆ ಸುರಿದುಕೊಂಡಳು. ಹಬೆ ಎದ್ದಿತು. ಕಣ್ಣು ಮುಚ್ಚಿದಳು.

“ಹದ ಐತೇನು?” ಎಂದಳು ತಾಜಬೀ.

“ಐತಿ” ಎಂಬ ಒಂದೇ ಮಾತು ಸಾಕಿತ್ತು. ಕಳಕಮ್ಮ ಕೂಸನ್ನು ಮುಂದೆ ಹಿಡಿದು ಬಾಗಿದ್ದಳು. ಗಾಳೆಮ್ಮ ಕಣ್ಣು ತೆರೆದಳು.

“ತಡೀವಾ,” ಎಂದಳು ಗಾಳೆಮ್ಮ. “ನನಗ ತಿಳಿವಲ್ದು.”

“ಅಂದ್ರ ಅತ್ತೀ?”

“ಕೊಯ್ದ ಮ್ಯಾಲ ಇಲ್ಲಿ ತೊಗಲು ಸತ್ತೈತಿ. ಬಿಸಿ, ತಣ್ಣಗ, ಏನೂ ತಿಳಿಯಂಗಿಲ್ಲ. ಶ್ರಾವಣದಾಗ ಗೊತ್ತಾತು. ಹೇಳಿಲ್ಲ.”

ಮುದಕಮ್ಮ ಬಾಗಿ ನೋಡಿದಳು. ನೀರು ಹರಿದ ಜಾಗ ಕೆಂಪೇರುತ್ತಿತ್ತು. “ಅಯ್ಯ ಅಕ್ಕಾರ, ಸುಟ್ಟೈತಲ್ರೀ! ಭಾಳ ಬಿಸಿ ಆಗೈತಿ!”

ಕಳಕಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು. ಬಾಗಿಲಲ್ಲಿ ನಿಂತಿದ್ದ ವಿರುಪಣ್ಣ ಒಳಗೆ ಹೋಗಬೇಕೋ ಹೊರಗೆ ಬರಬೇಕೋ ತಿಳಿಯದೆ ಹೊಸ್ತಿಲ ಮೇಲೇ ಉಳಿದ. ಗಾಳೆಮ್ಮ ಕಾದಿದ್ದ ಸುಮ್ಮನಿರುವಿಕೆ ಅಂಗಳಕ್ಕೆ ಬಂದು ನಿಂತಿತು. ಅದು ಅಲ್ಲಿ ಬೇರೂರುವ ಮೊದಲೇ ಅವಳು ತಂಬಿಗೆಯನ್ನು ಮುಂದೆ ಚಾಚಿದಳು.

“ಮುದಕವ್ವ, ತಣ್ಣೀರು ಬೆರಸು. ಮಣಿಕಟ್ಟಿನ ಮ್ಯಾಲ ಹಾಕ್ಕೊಂಡು ನೋಡು. ಕಾಲು ನಂದು ಇರ್ಲಿ, ನೀರು ನೀ ಹಾಕು.”

ಮುದಕಮ್ಮ ಹಿಂದೆ ಸರಿದಳು. “ನಾ ಹ್ಯಾಂಗ್ರಿ? ಹಡದೀನಷ್ಟ. ಎಂದಾದ್ರೂ ಎರದೀನೇನು? ನೀವಿದ್ರಿ.”

“ನಾ ಎಂದೂ ಹಡದಾಕಿ ಅಲ್ಲ,” ಎಂದಳು ಗಾಳೆಮ್ಮ. “ಆದ್ರೂ ಕೂಸು ಹಿಡಿಯಾಕ ಕಲತಿಲ್ಲೇನು? ಬೆರಸು ಬಾ, ಕೂಸಿಗಿ ಥಂಡಿ ಆಗ್ತೈತಿ.”

ಆ ಮಾತನ್ನು ಅವಳ ಬಾಯಿಂದ ಆ ಮನೆ ಮೊದಲ ಸಲ ಕೇಳಿತ್ತು. ಮಾತು ಬಂತು, ಹೋಯಿತು; ಅಂಗಳ ಇದ್ದಂತೆಯೇ ಇತ್ತು. ವಿರುಪಣ್ಣ ಹೊಸ್ತಿಲಿಂದಿಳಿದು ತಾನೇ ತಣ್ಣೀರಿನ ಕೊಡ ತಂದಿಟ್ಟ.

ಮುದಕಮ್ಮ ಬೆರೆಸಿದಳು, ಮಣಿಕಟ್ಟಿಗೆ ಹಾಕಿಕೊಂಡಳು, ಇನ್ನಷ್ಟು ಬೆರೆಸಿದಳು. ತಾಜಬೀಯ ಮಣಿಕಟ್ಟಿಗೂ ಹಾಕಿ ಕೇಳಿದಳು. ಕಳಕಮ್ಮ ಕೊನೆಗೆ ತನ್ನ ಕೈಯನ್ನೂ ಚಾಚಿ ನೋಡಿ, ತಲೆಯಾಡಿಸಿ, ಬಾಗಿ ಕೂಸನ್ನು ಅತ್ತೆಯ ಕಾಲ ಮೇಲೆ ಬೋರಲು ಮಲಗಿಸಿದಳು.

ಚರ್ಮಕ್ಕೆ ತಿಳಿಯದಿದ್ದರೂ ತೂಕ ತಿಳಿಯಿತು. ಸಣ್ಣ ಎದೆ ಏರಿ ಇಳಿಯುವುದು ಎಲುಬಿಗೆ ತಾಕುತ್ತಿತ್ತು. ಗಾಳೆಮ್ಮ ಒಂದು ಕೈಯಲ್ಲಿ ಗದ್ದ ಹಿಡಿದು, ಇನ್ನೊಂದರಿಂದ ಕಡಲೆ ಹಿಟ್ಟು ಹಚ್ಚಿ ಬೆನ್ನು ತೀಡತೊಡಗಿದಳು.

“ತಲಿ ಮ್ಯಾಲ ಬ್ಯಾಡ, ಹೆಗಲಿಂದ ಹಾಕು. ಯಾಕ ದೂರ ನಿಂತಿ, ತಂಬಿಗಿ ನಿನ್ನ ಕಚ್ಚತೈತೇನು? ಹಾಂ. ಹಂಗ.”

ನೀರು ಹೆಗಲಿಂದ ಹರಿದು, ಹಗ್ಗದ ಸಂದಿಗಳಿಂದ ಸೋರಿ, ಅಂಗಳದ ಕರಿಮಣ್ಣಿಗೆ ಇಳಿಯಿತು. ಕೂಸಿನ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು.

“ಸಾಕೇನ್ರಿ ಅಕ್ಕಾರ?”

“ಇನ್ನ ಹೊಟ್ಟಿ ಕಡಿ ಉಳದೈತಿ,” ಎಂದು ಗಾಳೆಮ್ಮ ಕೂಸನ್ನು ಮಗ್ಗುಲಾಗಿಸಿದಳು. “ಹಾಕು.”