ಓಪನ್ ಡೇ ಪಂಚಾಯ್ತಿ

ಈಗಲೂ ಮಾರ್ಚ್ ತಿಂಗಳು ಬಂತೆಂದರೆ ಜಯಮಾಲಾಗೆ ರಿಚರ್ಡ್ಸ್ ಟೌನಿನ ಆ ಕಾಲೇಜಿನ ಅಂಗಳವೇ ನೆನಪಾಗುತ್ತದೆ. ಶಾಮಿಯಾನದ ಕೆಳಗಿನ ಧಗೆ, ಮೇಜಿನ ಮೇಲೆ ಉದುರಿದ ಮರದ ಎಲೆ, ಪಕ್ಕದ ನರ್ಸಿಂಗ್ ಹುಡುಗಿಯರ ಮೇಲೆ ತನಗಿದ್ದ ಹೊಟ್ಟೆಕಿಚ್ಚು, ಎಲ್ಲಾ ಒಟ್ಟಿಗೇ. ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಮಾತು. ಕೃಷ್ಣರಾಜಪುರದಲ್ಲಿ ಆಗಿನ್ನೂ ತೂಗುಸೇತುವೆ ಬಂದಿರಲಿಲ್ಲ. ರೈಲ್ವೆ ಗೇಟು ಬಿತ್ತೆಂದರೆ ಬಸ್ಸಿನ ಜನ ಇಳಿದು, ಕಡಲೆಕಾಯಿ ತಿಂದು, ಊರ ಸುದ್ದಿಯೆಲ್ಲ ಆಡಿ ಮುಗಿಸಿ ಮತ್ತೆ ಹತ್ತಿ ಕೂತರೂ ಅದು ಎದ್ದಿರುತ್ತಿರಲಿಲ್ಲ. ಟಿನ್ ಫ್ಯಾಕ್ಟರಿ, ಹಲಸೂರು ದಾಟಿ ಕಾಲೇಜು ಮುಟ್ಟುವ ಹೊತ್ತಿಗೆ ಅವಳ ಇಸ್ತ್ರಿ ಮಾಡಿದ ಚೂಡಿದಾರ್ ಮುದ್ದೆಯಾಗಿರುತ್ತಿತ್ತು. ಆ ಪ್ರಯಾಣಕ್ಕೆ ದಿನಾ ಹಿಡಿಶಾಪ ಹಾಕಿದವಳು ಈಗ ಸೇತುವೆಯ ಮೇಲೆ ಸರ್ರನೆ ಹೋಗುವಾಗ ಕೆಳಗಿನ ಹಳಿಗಳನ್ನು ಇಣುಕಿ ನೋಡುತ್ತಾಳೆ. ಮನುಷ್ಯರ ಬುದ್ಧಿಯೇ ಹೀಗೆ, ಬಿಡಿ.

ಆ ಕಾಲೇಜಿನಲ್ಲಿ ಜನರ ಆರೈಕೆಗೆ ಸಂಬಂಧಪಟ್ಟ ಮೂರು ವಿಭಾಗಗಳಿದ್ದವು: ನರ್ಸಿಂಗ್, ಫಿಸಿಯೋಥೆರಪಿ, ಸಮಾಜಕಾರ್ಯ. ವರ್ಷಕ್ಕೊಮ್ಮೆ, ಅಡ್ಮಿಷನ್ನಿನ ಕಾಲಕ್ಕೆ ಮುಂಚೆ, ಒಂದು ಭಾನುವಾರ ಓಪನ್ ಡೇ. ಸೇರಬೇಕೆನ್ನುವ ಹುಡುಗ ಹುಡುಗಿಯರು ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಬರುತ್ತಿದ್ದರು. ಒಂದೊಂದು ವಿಭಾಗಕ್ಕೂ ಒಂದೊಂದು ಮೇಜು. ಅದರ ಹಿಂದೆ ಎದೆಗೆ ನೀಲಿ ರಿಬ್ಬನ್ ಚುಚ್ಚಿಕೊಂಡ ಆ ವಿಭಾಗದ ವಿದ್ಯಾರ್ಥಿ ಪ್ರತಿನಿಧಿಗಳು. ಬಂದವರಿಗೆ ನಮ್ಮ ಕೋರ್ಸು ಅಂದರೆ ಏನು, ಓದಿದರೆ ಏನಾಗುತ್ತೀರಿ ಅಂತ ತಿಳಿಸಿ ಹೇಳುವುದು ಅವರ ಕೆಲಸ.

ಸಮಾಜಕಾರ್ಯಕ್ಕೆ ಪ್ರತಿನಿಧಿಯಾಗಿ ಜಯಮಾಲಾಳ ಹೆಸರು ಕರೆದಾಗ ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ಅವಳು ಮಾತ್ರ ತಲೆ ತಗ್ಗಿಸಿ ನೋಟ್‌ಬುಕ್ಕಿನ ಹಾಳೆ ತಿರುವಿದಳು. ಯಾಕೆಂದರೆ ಎರಡು ತಿಂಗಳಲ್ಲಿ ಅವಳೇ ಆ ಕೋರ್ಸು ಬಿಡುವವಳಿದ್ದಳು.

ಅವಳಪ್ಪ ಜಟ್ಟೆಪ್ಪ ಗಾರೆ ಕೆಲಸದವನು. ಲಿಂಗಸುಗೂರಿನ ಕಡೆಯಿಂದ ಹೆಂಡತಿ ಮಾನಮ್ಮ ಮತ್ತು ಈ ಒಬ್ಬಳೇ ಮಗಳನ್ನು ಕಟ್ಟಿಕೊಂಡು ಬಂದು ಕೃಷ್ಣರಾಜಪುರದ ಒಂದು ವಠಾರದಲ್ಲಿ ಬಾಡಿಗೆ ರೂಮು ಹಿಡಿದಿದ್ದ. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ ಹುಸೇನಮ್ಮ, ತಾನು ತುತ್ತು ಬಿಟ್ಟು ತಮ್ಮನಿಗೆ ಉಣಿಸಿದವಳು. ಆ ಅಕ್ಕ ತನ್ನ ಮಗ ಈರೇಶನಿಗೆ ಜಯಮಾಲಾಳನ್ನು ಕೇಳಿದ್ದಳು. ಕೇಳಿದ್ದೇನು, ಊರಿಗೆ ಹೋಗಿದ್ದ ತಮ್ಮನಿಂದ ಹೂಂ ಅನ್ನಿಸಿಕೊಂಡು, ಬಸವ ಜಯಂತಿಯ ಮಾರನೇ ದಿನ ಮದುವೆ ಅಂತ ಹೇಳಿಯೇ ಕಳಿಸಿದ್ದಳು. ಈರೇಶ ಕೆಟ್ಟ ಹುಡುಗನಲ್ಲ, ಹಿಟ್ಟಿನ ಗಿರಣಿ ನಡೆಸಿಕೊಂಡು ತನ್ನ ಪಾಡಿಗೆ ತಾನಿದ್ದ. ಅವನ ಮೇಲೆ ಜಯಮಾಲಾಗೆ ಯಾವ ಸಿಟ್ಟೂ ಇರಲಿಲ್ಲ. ಆದರೆ ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಕೋರ್ಸಿನಲ್ಲಿ ಇನ್ನೂ ಒಂದು ವರ್ಷ ಬಾಕಿಯಿತ್ತು. ಲಿಂಗಸುಗೂರಿಗೆ ಹೋದಮೇಲೆ ಯಾವ ಎಂಎಸ್‌ಡಬ್ಲ್ಯೂ, ಯಾವ ಡಿಗ್ರಿ? ಅಪ್ಪನನ್ನು ನೇರವಾಗಿ ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅಕ್ಕನಿಗೆ ಇಲ್ಲ ಅನ್ನಲು ಅಪ್ಪನಿಗೂ ಬಾಯಿಲ್ಲ ಅಂತ ಅವಳಿಗೆ ಗೊತ್ತಿತ್ತು. ಇದನ್ನೆಲ್ಲ ಅವಳು ಗೆಳತಿ ಉಮ್ಮೆ ಕುಲ್ಸುಂಗೂ ಹೇಳಿರಲಿಲ್ಲ.

ಆದರೂ ಓಪನ್ ಡೇಗೆ ಬಾ ಅಂತ ಅಪ್ಪನನ್ನು ಕರೆದಳು. ಬಿಡುವ ಮುಂಚೆ ಒಂದು ಸಲವಾದರೂ ತಾನು ಓದಿದ ಜಾಗವನ್ನು ಅಪ್ಪ ನೋಡಲಿ ಅನ್ನುವ ಆಸೆ, ಅಷ್ಟೇ.

ಓಪನ್ ಡೇ ದಿನ ಬೆಳಿಗ್ಗೆಯಿಂದ ಸಮಾಜಕಾರ್ಯದ ಮೇಜಿನ ಹತ್ತಿರ ನರಪಿಳ್ಳೆಯಿಲ್ಲ. ಆ ಕಡೆ ನರ್ಸಿಂಗಿನವರು ಬಿಳಿ ಸಮವಸ್ತ್ರ ತೊಟ್ಟು, ಬಂದವರಿಗೆಲ್ಲ ಬಿಪಿ ನೋಡುತ್ತಿದ್ದರು. ಕ್ಯೂ ಗೇಟಿನವರೆಗೂ ಹೋಗಿತ್ತು. ಈ ಕಡೆ ಫಿಸಿಯೋಥೆರಪಿಯವರು ಅಸ್ಥಿಪಂಜರ ನಿಲ್ಲಿಸಿ, ಅದರ ತಲೆಗೊಂದು ಟೋಪಿ ಹಾಕಿದ್ದರು. ಮಕ್ಕಳು ಅದರ ಕೈ ಕುಲುಕಲು ನಾ ಮುಂದು ತಾ ಮುಂದು. ಇವರ ಹತ್ತಿರ ಇದ್ದದ್ದು ಎರಡು ಚಾರ್ಟು. ಬಂದ ಒಬ್ಬರು, "ಕುಡಿಯೋ ನೀರು ಎಲ್ಲಿಟ್ಟಿದ್ದೀರಮ್ಮಾ?" ಅಂತ ಕೇಳಿ ಹೋದರು. ಇನ್ನೊಬ್ಬರು ಚಾರ್ಟನ್ನು ತಲೆಯಿಂದ ಬುಡದವರೆಗೂ ಓದಿ, "ಅಂದ್ರೆ, ಮುಂದೆ ಎಲೆಕ್ಷನ್ನಿಗೆ ನಿಲ್ಲೋರಿಗೆ ಇದು ಒಳ್ಳೇದಾ?" ಅಂದರು.

"ಮಗಾ, ನಾವು ಹೀಗೇ ನೊಣ ಹೊಡ್ಕೊಂಡು ಕೂತ್ರೆ ಮುಂದಿನ ವರ್ಷ ಒಬ್ನೂ ಸೇರಲ್ಲ," ಅಂದ ಸುನಿಲ್. ಬೆನ್ನಿಗಾನಹಳ್ಳಿಯ ಹುಡುಗ, ಮೂವರು ಪ್ರತಿನಿಧಿಗಳಲ್ಲಿ ಒಬ್ಬ.

"ಅರೇ, ಕ್ಲಾಸಲ್ಲಿ ಮಾಡ್ತೀವಲ್ಲ, ರೋಲ್ ಪ್ಲೇ, ಅದನ್ನೇ ಇಲ್ಲಿ ಮಾಡ್ಬಿಡೋಣ. ನೋಡಿ ಹೇಗೆ ಬರ್ತಾರೆ ಜನ!" ಅಂದಳು ಕುಲ್ಸುಂ. ಶಿವಾಜಿನಗರದ ಮಾರ್ಕೆಟ್ಟಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವಳು, ಜನ ಸೇರಿಸುವುದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ರೋಲ್ ಪ್ಲೇ ಅಂದರೆ ಆ ವಿಭಾಗದಲ್ಲಿ ಪಾಠ ಮಾಡುವ ಪದ್ಧತಿ. ಒಬ್ಬರು ಕಷ್ಟ ಹೊತ್ತು ಬಂದವರಾಗಬೇಕು, ಇನ್ನೊಬ್ಬರು ಅವರ ಮನೆಯವರು, ಮತ್ತೊಬ್ಬರು ಸಮಾಜ ಕಾರ್ಯಕರ್ತೆಯಾಗಿ ನಡುವೆ ಕೂತು ಇಬ್ಬರ ಮಾತೂ ಕೇಳಬೇಕು. ಆ ಸಲ ಎಲ್ಲರಿಗೂ ಬಾಯಿಪಾಠವಾಗಿದ್ದ ಕೇಸು ಒಂದೇ: ಮಗಳನ್ನು ಓದು ಬಿಡಿಸಿ ಮದುವೆ ಮಾಡಲು ಹೊರಟ ಅಪ್ಪ.

"ಅದು ಬೇಡ, ಕುಡುಕ ಗಂಡಂದು ಮಾಡೋಣ," ಅಂದಳು ಜಯಮಾಲಾ.

"ಈಗೆಲ್ಲಿ ಡೈಲಾಗ್ ಕಲಿಯೋದು? ಹೋದ ಸಲ ಕಾರ್ಯಕರ್ತೆ ನೀನಾಗಿದ್ದೆ, ಈ ಸಲ ಹುಡುಗಿ ನೀನೇ. ಸರದಿ ಅಂದ್ರೆ ಸರದಿ," ಅಂದುಬಿಟ್ಟಳು ಕುಲ್ಸುಂ.

ಶಾಮಿಯಾನದ ಆಚೆ ಮರದ ಕೆಳಗೆ ಮೂರು ಕುರ್ಚಿ ಎಳೆದರು. ಕುಲ್ಸುಂ ಕನ್ನಡಕ ಏರಿಸಿ, ದುಪಟ್ಟಾ ಸರಿಮಾಡಿಕೊಂಡು ನಡುವೆ ಕೂತಳು. ಸುನಿಲ್ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಅಪ್ಪನಾದ. "ಇದು ನಮ್ಮ ತರಬೇತಿಯ ಒಂದು ಅಭಿನಯ, ನೋಡಿ," ಅಂತ ಕುಲ್ಸುಂ ಕೂಗಿ ಹೇಳಿದ್ದೇ ತಡ, ಬಿಪಿ ಕ್ಯೂನಲ್ಲಿ ನಿಂತು ಬೇಸತ್ತವರೆಲ್ಲ ಇತ್ತ ಬಂದು ಸುತ್ತುಗಟ್ಟಿದರು.

ಜಟ್ಟೆಪ್ಪ ಬಂದದ್ದು ಇದಾದ ಮೇಲೆ. ಒಗೆದ ಧೋತರ, ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್. ಕುಲ್ಸುಂ ಕೂಗಿ ಹೇಳಿದ್ದು ಅವನ ಕಿವಿಗೆ ಬಿದ್ದಿರಲಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಇಷ್ಟು: ಮರದ ಕೆಳಗೆ ಮಂದಿ ಸೇರಿದ್ದಾರೆ. ನಡುವೆ ದೊಡ್ಡವರೊಬ್ಬರು ಕೂತಿದ್ದಾರೆ. ತನ್ನ ಮಗಳು ತಲೆ ತಗ್ಗಿಸಿಕೊಂಡು, "ಅಪ್ಪಾ, ನನ್ನ ಓದು ಬಿಡಿಸ್ಬೇಡ. ಇನ್ನೊಂದು ವರ್ಷ ಇದೆ, ಮುಗಿಸ್ತೀನಿ. ಆಮೇಲೆ ನೀನು ಹೇಳಿದ ಹಾಗೆ ಕೇಳ್ತೀನಿ," ಅನ್ನುತ್ತಿದ್ದಾಳೆ. ಅವಳ ಕಣ್ಣಲ್ಲಿ ನೀರು. ಆ ನೀರು ಅಭಿನಯದ್ದಲ್ಲ ಅಂತ ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅವರ ಕಡೆ ಮನೆಯ ಮಾತು ಮನೆಯಲ್ಲಿ ಹರಿಯದಿದ್ದರೆ ಪಂಚಾಯ್ತಿ ಸೇರಿಸುತ್ತಾರೆ. ಕರೆದವನು ಬರುವುದು ತಡವಾದರೆ ಅವನ ಪರವಾಗಿ ಇನ್ನೊಬ್ಬನನ್ನು ಕೂಡಿಸಿ ಮಾತು ಶುರುಮಾಡುತ್ತಾರೆ. ಜಟ್ಟೆಪ್ಪನಿಗೆ ಎಲ್ಲ ಅರ್ಥವಾಯಿತು. ಮಗಳು ಕಾಲೇಜು ನೋಡಲು ಬಾ ಅಂದದ್ದು ಇದಕ್ಕೇ. ತಾನು ತಡ ಮಾಡಿದ್ದಕ್ಕೆ ಯಾವನೋ ಎಳೆಯ ಹುಡುಗನನ್ನು ತನ್ನ ಜಾಗದಲ್ಲಿ ಕೂಡಿಸಿದ್ದಾರೆ, ಛೆ! ಅವನು ಚಪ್ಪಲಿ ಬಿಟ್ಟ, ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದ, ಮಂದಿಯನ್ನು ಸರಿಸಿಕೊಂಡು ಒಳಗೆ ಬಂದು ಕುಲ್ಸುಂಗೆ ಕೈಮುಗಿದ.

"ತಡ ಆತ್ರಿ, ತಪ್ಪಾತು. ಹುಡುಗಿ ಅಪ್ಪ ನಾನ್ರಿ."

ಸುನಿಲ್ ಕಾಡಿಗೆ ಮೀಸೆಯ ಸಮೇತ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ. ಜನ ಕಿಸಕ್ಕನೆ ನಕ್ಕರು. ಎಂಥಾ ನಟನನ್ನು ಹುಡುಕಿ ತಂದಿದ್ದಾರೆ ಅಂತ ಒಬ್ಬರು ಪಕ್ಕದವರಿಗೆ ಹೇಳಿದರು. ಜಯಮಾಲಾಗೆ ಜೀವವೇ ಬಾಯಿಗೆ ಬಂತು. ಅವಳು ಏನೋ ಹೇಳಲು ಏಳುವಷ್ಟರಲ್ಲಿ ಅಪ್ಪ ಕುಲ್ಸುಂ ಕಡೆ ತಿರುಗಿಯಾಗಿತ್ತು.

ಕುಲ್ಸುಂಗೂ ಏನೂ ತಿಳಿಯಲಿಲ್ಲ. ಬಂದವರು ಯಾರೇ ಆಗಲಿ, ಮೊದಲು ಮಾತಾಡಲು ಬಿಡಬೇಕು ಅಂತ ಮೇಡಂ ಕಲಿಸಿದ್ದು ನೆನಪಾಗಿ, "ಕೂತ್ಕೊಳ್ಳಿ. ನಿಮ್ಮ ಮನಸ್ಸಲ್ಲಿ ಏನಿದೆ ಹೇಳಿ," ಅಂದಳು.

ಜಟ್ಟೆಪ್ಪ ಕೂರಲಿಲ್ಲ. ನಿಂತೇ ಹೇಳಿದ. "ನಮ್ಮವ್ವ ಸತ್ತಾಗ ನಾ ಇನ್ನಾ ಅಂಬೆಗಾಲಿಡೋ ಕೂಸ್ರಿ. ನಮ್ಮಕ್ಕ ಸಾಕ್ಯಾಳ. ಆಕಿ ಹೆಣ್ ಕೇಳಿದ್ಲು, ನಾ ಹೂಂ ಅಂದೀನಿ. ಅಕ್ಕಗ ಹ್ಯಾಂಗ್ರಿ ಇಲ್ಲನ್ನೋದು?"

"ಅದು ಅಕ್ಕನ ಮಾತಾಯ್ತು. ನಿಮಗೇನು ಇಷ್ಟ?"

ಅವನು ಟವೆಲನ್ನು ಹಿಂಡಿದ. "ನನ್ನಿಷ್ಟ ಯಾರ್ ಕೇಳ್ಯಾರ್ರಿ ಇಲ್ಲೀತನ? ನಾ ಮಂದಿ ಮನಿ ಗ್ವಾಡಿಗೆ ಗಾರಿ ಬಳದು ಗಿಲಾಯ ಮಾಡ್ದಾಂವ. ನನ್ನ ಮಗಳು ದೊಡ್ಡ ಸಾಲಿ ಕಲ್ತಾಳಂತ ಕೆಲಸದ ಜಾಗದಾಗ ದಿನಾ ಹೇಳ್ಕೋತೀನಿ. ಆಕಿ ಬಿಟ್ಟ ದಿನ ನಾ ಏನಂತ ಹೇಳ್ಲಿ? ಆಕಿ ಮುಗಸ್ಬೇಕು, ಅದ ನನ್ನಿಷ್ಟ." ಆಮೇಲೆ ಸುತ್ತಲಿನವರ ಕಡೆ ತಿರುಗಿ ಮತ್ತೆ ಕೈ ಜೋಡಿಸಿದ. "ಹತ್ತು ಮಂದಿ ಕೂಡೀರಿ. ನಿಮ್ಮ ಮುಂದ ನಾ ಮಾತು..."

ಹತ್ತು ಮಂದಿಯ ಮುಂದೆ ಕೊಟ್ಟ ಮಾತೆಂದರೆ ಅವರಲ್ಲಿ ಮುಗಿಯಿತು, ಮತ್ತೆ ಹಿಂದೆಗೆಯುವಂತಿಲ್ಲ. ಜಯಮಾಲಾಗೆ ಅದು ಚೆನ್ನಾಗಿ ಗೊತ್ತು. ಇನ್ನು ಒಂದು ಉಸಿರು ಸುಮ್ಮನಿದ್ದರೆ ಸಾಕು, ರಾತ್ರಿಯೆಲ್ಲ ಹಾಸಿಗೆಯಲ್ಲಿ ಬೇಡಿಕೊಂಡದ್ದು ತಾನಾಗಿ ಕೈಗೆ ಬರುತ್ತಿತ್ತು. ಸುಮ್ಮನಿರು, ಸುಮ್ಮನಿರು ಅಂತ ಮನಸ್ಸು ಬಡಿದುಕೊಂಡಿತು. ಆದರೆ ಎದುರಿಗೆ ನಿಂತವನಿಗೆ ತಾನು ಎಲ್ಲಿ ನಿಂತಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ. ಹಾಗೆ ಗೊತ್ತಿಲ್ಲದವನಿಂದ ಒಪ್ಪಿಗೆ ಕಿತ್ತುಕೊಳ್ಳಬಾರದು ಅನ್ನುವುದೇ ತಾನೇ ಆ ಕೋರ್ಸಿನ ಮೊದಲ ಪಾಠ? ಅದನ್ನು ಹೇಳಲೆಂದೇ ಅಲ್ಲವೇ ಅವಳು ಎದೆಗೆ ರಿಬ್ಬನ್ ಚುಚ್ಚಿಕೊಂಡು ನಿಂತದ್ದು?

"ಯಪ್ಪಾ, ಬ್ಯಾಡ. ಮಾತು ಕೊಡಬ್ಯಾಡ," ಅಂತ ಕೂಗಿಯೇಬಿಟ್ಟಳು. "ಇದು ಪಂಚಾಯ್ತಿ ಅಲ್ಲ, ಆಟ. ನಮ್ಮ ಕ್ಲಾಸಿನ ಆಟ. ನಾ ನಿನ್ನ ಹತ್ತು ಮಂದಿ ಮುಂದ ನಿಲ್ಲಸಾಕ ಕರೀಲಿಲ್ಲ."

ಬಂದವನು ನಟನಲ್ಲ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಹಿಂದೆ ಯಾರೋ ಒಬ್ಬ ನಕ್ಕ, ಅವನ ಹೆಂಡತಿ ಗದರಿಸಿದಳು. ಜಟ್ಟೆಪ್ಪನ ಮುಖ ಕಪ್ಪಿಟ್ಟಿತು. ಸುನಿಲನ ಕಾಡಿಗೆ ಮೀಸೆಯನ್ನು ಈಗ ಸರಿಯಾಗಿ ನೋಡಿದ. ಕುಲ್ಸುಂಳನ್ನು ನೋಡಿದ. ಅಯ್ಯೋ, ಈ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅಂದುಕೊಂಡಳು ಜಯಮಾಲಾ.

"ನೀವು ಪಂಚರಲ್ಲೇನ್ರಿ?"

"ಅಲ್ಲ ಅಂಕಲ್. ನಾನು ಇವಳ ಕ್ಲಾಸ್‌ಮೇಟು. ದಯವಿಟ್ಟು ಕ್ಷಮಿಸಿ," ಅಂದಳು ಕುಲ್ಸುಂ. ಕನ್ನಡಕ ತೆಗೆದು ಎದ್ದು ನಿಂತಿದ್ದಳು.

"ಈ ಮಂದಿ? ಇವರೂ ಆಟದವರೇನು?"

"ಇಲ್ಲ. ಅವರು ಅಡ್ಮಿಷನ್ ವಿಚಾರಿಸೋಕೆ ಬಂದೋರು."

"ಅಂದ್ರ ಮಂದಿ ಖರೇನ ಅದಾರ." ಜಟ್ಟೆಪ್ಪ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. "ಹಂಗಾದ್ರ ಆತು ಬಿಡ್ರಿ. ಆಟ ನಿಮ್ದು, ಮಾತು ನಂದು. ನನ್ನ ಮಗಳು ಕಲ್ತು ಮುಗಸ್ತಾಳ. ಎಲ್ಲಾರೂ ಕೇಳೀರಿ, ಹೌದಿಲ್ಲೊ?"

"ಕೇಳಿದ್ವಿ," ಅಂದರು ಒಂದಿಬ್ಬರು ಮೆಲ್ಲಗೆ. ಆಮೇಲೆ ಎಲ್ಲರೂ ಅಂದರು. ಕುಲ್ಸುಂ ಗೊಳೋ ಅಂತ ಅಳುತ್ತಿದ್ದಳು. ಸುನಿಲ್ ಮುಖ ಒರೆಸಿಕೊಂಡು ಮೀಸೆಯನ್ನು ಕೆನ್ನೆ ತುಂಬ ಮಾಡಿಕೊಂಡಿದ್ದ. ಎಲೆಕ್ಷನ್ನಿನ ಬಗ್ಗೆ ಕೇಳಿದ್ದವರೇ ತಿರುಗಿ ಬಂದು, ಅರ್ಜಿ ಯಾವಾಗ ಕೊಡ್ತೀರಿ ಅಂತ ವಿಚಾರಿಸಿದರು. ಆ ದಿನ ಜಟ್ಟೆಪ್ಪ ಅಸ್ಥಿಪಂಜರವನ್ನೂ ನೋಡಿ, ಬಿಪಿಯನ್ನೂ ನೋಡಿಸಿಕೊಂಡು, ನರ್ಸಿಂಗ್ ಹುಡುಗಿಯರಿಂದ ಭೇಷ್ ಅನ್ನಿಸಿಕೊಂಡೇ ಮನೆಗೆ ಹೋದ. ಎಷ್ಟು ಖುಷಿಯ ದಿನ ಅದು! ಜಯಮಾಲಾ ಈಗ ಹಲಸೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ತರಬೇತಿಗೆ ಬರುವ ಹುಡುಗರು ರೋಲ್ ಪ್ಲೇ ಮಾಡುವಾಗ ನಡುವೆ ಯಾರೇ ಬಂದರೂ ನಿಲ್ಲಿಸಿ, ಇದು ಅಭಿನಯ ಅಂತ ಇನ್ನೊಮ್ಮೆ ಹೇಳಿಸುತ್ತಾಳೆ. ಯಾಕೆ ಮೇಡಂ ಅಂದರೆ ನಕ್ಕುಬಿಡುತ್ತಾಳೆ.

ಆದರೆ ಅವತ್ತು ಮಾತು ಕೊಟ್ಟದ್ದಷ್ಟೇ ಸಾಲದಲ್ಲ, ಅಕ್ಕನಿಗೆ ಹೇಳಬೇಕಲ್ಲ. ವಠಾರದ ಮಾಲೀಕ ಬೈಲಪ್ಪ ತನ್ನ ಫೋನಿನಿಂದಲೇ ಮಾಡು ಅಂದ. ಜಟ್ಟೆಪ್ಪ ಒಪ್ಪಲಿಲ್ಲ. ಮುಖ ನೋಡಿ ಹೂಂ ಅಂದದ್ದನ್ನು ಮುಖ ನೋಡಿಯೇ ಇಲ್ಲ ಅನ್ನಬೇಕು ಅಂದ. ಮುಂದಿನ ಶನಿವಾರ ಲಿಂಗಸುಗೂರಿನ ಬಸ್ಸು ಹತ್ತಿದವನು ಸೋಮವಾರ ಬೆಳಿಗ್ಗೆ ವಾಪಸು ಬಂದ. ಜಯಮಾಲಾ ಕಾಲೇಜಿಗೆ ಹೊರಟು ಚೀಲ ತುಂಬಿಸುತ್ತಿದ್ದಳು. ಮಾನಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವನು ಹೊಸ್ತಿಲ ಮೇಲೆ ಕುಸಿದು ಕೂತ.

"ಅತ್ತಿ ಏನಂದ್ಲಪ್ಪ?"

"ಏನೂ ಅನ್ಲಿಲ್ಲ. ಅಂಗಳದಾಗ ನಿಂತು ಹೇಳಿದೆ. ಕೇಳಿದ್ಲು, ಎದ್ದು ಒಳಗ ಹೋದ್ಲು. ಮತ್ತ ಹೊರಗ ಬರಲಿಲ್ಲ."

"ಉಂಡ್ಯೋ ಇಲ್ಲೊ?" ಅಂದಳು ಮಾನಮ್ಮ ರೊಟ್ಟಿಯಿಂದ ತಲೆಯೆತ್ತಿ.

"ನೀರು ಸೈತ ಕೊಡಲಿಲ್ಲ ನಮ್ಮಕ್ಕ."

ಮಾನಮ್ಮನ ಕೈ ನಿಂತಿತು. ಅವರ ಕಡೆ ಜಗಳ ಆಡಿದವನು ಬಾಗಿಲಿಗೆ ಬಂದರೂ ಮೊದಲು ಒಂದು ತಂಬಿಗೆ ನೀರು ಮುಂದಿಡುತ್ತಾರೆ. ಕೈಯಾರೆ ಉಣಿಸಿ ಬೆಳೆಸಿದ ಅಕ್ಕ ಅದನ್ನೂ ಇಡಲಿಲ್ಲವೆಂದರೆ ಆ ಮನೆಯ ಬಾಗಿಲು ಇನ್ನು ಅವನಿಗಿಲ್ಲ. ಜಯಮಾಲಾಗೆ ದುಃಖ ಒತ್ತರಿಸಿ ಬಂತು. ತನ್ನ ಒಂದು ವರ್ಷಕ್ಕೆ ಅಪ್ಪ ಇಷ್ಟು ದೊಡ್ಡದನ್ನು ಬಿಟ್ಟು ಬರುತ್ತಾನೆ ಅಂತ ಅವಳು ಎಣಿಸಿರಲಿಲ್ಲ. ಚೀಲ ಕೆಳಗಿಟ್ಟು, ತಂಬಿಗೆ ತುಂಬ ನೀರು ತಂದು ಅವನ ಮುಂದೆ ಕೂತಳು.

"ಯಪ್ಪಾ, ನಾ ಹೋಗಿ ಅತ್ತಿ ಕಾಲು ಹಿಡೀತೀನಿ. ಬೇಕಾದ್ರ ನಾ ಸಾಲಿ ಬಿಟ್ಟು..."

ಜಟ್ಟೆಪ್ಪ ಕೈ ಅಡ್ಡ ಮಾಡಿ ಅವಳ ಮಾತು ನಿಲ್ಲಿಸಿದ. ನೀರನ್ನು ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡ.

"ಏಳು, ಬಸ್ಸಿನ ಹೊತ್ತಾತು. ಅಕ್ಕನ್ನ ಬಿಟ್ಟು ಬಂದೀನಿ. ನೀ ಒಂದು ಕ್ಲಾಸೂ ಬಿಡಬ್ಯಾಡ."

ಅವಳು ಚೀಲ ಹೆಗಲಿಗೇರಿಸಿದಳು. ಬಸ್ ಸ್ಟಾಪಿನವರೆಗೂ ಅಳುತ್ತಲೇ ಹೋದಳು, ಆದರೆ ಹೋದಳು.