ಹಿಟ್ಟು ಮೆತ್ತಿದ ಮುಚ್ಚಳ

ನಾನು ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಸೊಪ್ಪಿನಿಂದ ಎಣ್ಣೆ ತೆಗೆಯುತ್ತಿದ್ದರು. ಪುದೀನ, ನಿಂಬೆಹುಲ್ಲು, ಯಾವ ಕಾಲಕ್ಕೆ ಯಾವುದು ಬಂದರೆ ಅದು. ಹಂಡೆಗೆ ಸೊಪ್ಪು ತುಂಬಿ, ಕೆಳಗಿನಿಂದ ಹಬೆ ಬಿಟ್ಟು, ಮೇಲೆ ಬಂದ ಹಬೆಯನ್ನು ತಣ್ಣಗೆ ಮಾಡಿ ಹನಿಹನಿಯಾಗಿ ಹಿಡಿಯುವುದು. ಹಂಡೆಗೂ ಮುಚ್ಚಳಕ್ಕೂ ನಡುವಿನ ಸಂದಿಗೆ ಕಲಸಿದ ಹಿಟ್ಟು ಮೆತ್ತುವ ಕೆಲಸ ಹನ್ನೊಂದು ವರ್ಷ ನನ್ನದು. ಕಾರ್ಖಾನೆ ಘಮ್ಮೆಂದರೆ ಮೇಸ್ತ್ರಿಯವರ ಮುಖ ಗಂಟಾಗುತ್ತಿತ್ತು.

"ವಾಸನೆ ನಿಮ್ಮ ಮೂಗಿಗೆ ಬಂತು ಅಂದ್ರೆ ಬಾಟ್ಲಿಗೆ ಬರಲಿಲ್ಲ ಅಂತ ಅರ್ಥ" ಎನ್ನುತ್ತಿದ್ದರು.

ದಿನವಿಡೀ ಅದರಲ್ಲೇ ಇರುವವರ ಮೂಗು ಬೇಗ ಮಂಕಾಗುತ್ತದೆ. ಅದಕ್ಕೇ ಅವರು ಗಂಟೆಗೊಮ್ಮೆ ನಮ್ಮನ್ನು ಹೊರಗೆ ಅಟ್ಟುತ್ತಿದ್ದರು. ಹತ್ತು ಉಸಿರು ಎಳೆದು ಒಳಗೆ ಬಂದರೆ ಎಲ್ಲಿ ಸೋರುತ್ತಿದೆ ಎಂದು ಥಟ್ಟನೆ ಗೊತ್ತಾಗುತ್ತಿತ್ತು.

ನನ್ನ ಮಗಳಿಗೆ ಇರುವೆ ಎಂದು ಅಡ್ಡಹೆಸರಿಟ್ಟವರೂ ಮೇಸ್ತ್ರಿಯವರೇ. ಸಂಜೆ ಶಾಲೆ ಬಿಟ್ಟ ಕೂಡಲೇ ಚೀಲ ಎಳೆದುಕೊಂಡು ನೇರ ಹಂಡೆಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಹೋಗೆಂದರೆ ಒಂದು ಹೆಜ್ಜೆ ಹಿಂದೆ, ಅವರು ಬೆನ್ನು ತಿರುಗಿಸಿದರೆ ಎರಡು ಹೆಜ್ಜೆ ಮುಂದೆ. ಕಾರ್ಖಾನೆಗೆ ಬರದ ದಿನ, ನಾನು ಮನೆ ಬಾಗಿಲು ತೆರೆಯುತ್ತಲೇ ನನ್ನ ತೋಳಿಗೆ ಮೂಗು ಒತ್ತಿ, ಇವತ್ತು ಯಾವ ಸೊಪ್ಪು ಎಂದು ಹೇಳಿಬಿಡುತ್ತಿದ್ದಳು. ಒಮ್ಮೆಯೂ ತಪ್ಪಿದವಳಲ್ಲ.

ಹತ್ತನೇ ವಯಸ್ಸಿಗೆ ಅವಳಿಗೆ ರಕ್ತದ ಕಾಯಿಲೆ ಬಂತು. ನಾನು ಕೆಲಸ ಬಿಟ್ಟೆ. ಏಳು ತಿಂಗಳು ಆಸ್ಪತ್ರೆಗೂ ಮನೆಗೂ ಅಲೆದ ಮೇಲೆ ಡಾಕ್ಟರಮ್ಮ ನನ್ನನ್ನೂ ನನ್ನ ಗಂಡನನ್ನೂ ಬದಿಗೆ ಕರೆದರು. ಔಷಧದಿಂದ ಆಗುವಂಥದ್ದು ಇನ್ನೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಮಗುವಿಗೆ ಏನು ಇಷ್ಟವೋ ಅದನ್ನು ಮಾಡಿ ಎಂದರು. ಅವಳ ಅಪ್ಪನಿಗೆ ಆ ಮಾತು ಅಲ್ಲೇ ಅರ್ಥವಾಯಿತು. ನನಗೆ ಕಿವಿಗೆ ಬಿತ್ತೇ ಹೊರತು ಒಳಗಿಳಿಯಲಿಲ್ಲ.

ಮನೆಗೆ ಬಂದ ಮಾರನೇ ದಿನವೇ ನಾನು ಪುದೀನದ ಸತ್ವ ಇಳಿಸಲು ಕೂತೆ. ಹೊಟ್ಟೆ ತೊಳಸುವುದು ನಿಂತರೆ ಎರಡು ತುತ್ತು ತಿಂದಾಳು, ತಿಂದರೆ ಶಕ್ತಿ ಬಂದೀತು, ಶಕ್ತಿ ಬಂದರೆ ಮತ್ತೆ ಡಾಕ್ಟರ ಹತ್ತಿರ ಹೋಗಬಹುದು. ದೊಡ್ಡ ಪಾತ್ರೆಯಲ್ಲಿ ಸೊಪ್ಪು ಮತ್ತು ನೀರು, ನಡುವೆ ಒಂದು ಬಟ್ಟಲು, ಮೇಲೆ ತಲೆಕೆಳಗಾಗಿಟ್ಟ ಮುಚ್ಚಳ, ಅದರ ಮೇಲೆ ತಣ್ಣೀರು. ಹಬೆ ತಣ್ಣನೆಯ ಮುಚ್ಚಳಕ್ಕೆ ತಗುಲಿ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಸುತ್ತಲೂ ಹಿಟ್ಟು ಮೆತ್ತಿದೆ. ಒಂದು ಎಳೆ ಹಬೆಯೂ ಆಚೆ ಬರಲಿಲ್ಲ. ಮೇಸ್ತ್ರಿಯವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ಬಟ್ಟಲಲ್ಲಿ ಇಳಿದದ್ದನ್ನು ಚಮಚದಲ್ಲಿ ಕುಡಿಸಿದೆ. ಮೊದಲ ದಿನ ಹೊಟ್ಟೆಯಲ್ಲಿ ಉಳಿಯಿತು. ಆಮೇಲೆ ಉಳಿಯಲಿಲ್ಲ. ನಾನು ಬಿಡಲಿಲ್ಲ, ಇನ್ನೂ ಬಿಗಿಯಾಗಿ ಮೆತ್ತಿದೆ.

ಅವಳ ಕೋಣೆಯ ಮಂಚ ಅಡುಗೆಮನೆಯ ಗೋಡೆಗೆ ತಾಗಿಕೊಂಡೇ ಇತ್ತು. ಒಂದು ಮಧ್ಯಾಹ್ನ ಅವಳ ತಲೆದಿಂಬು ಸರಿಮಾಡುವಾಗ ನನ್ನ ತೋಳನ್ನು ಮೂಸಿ ನೋಡಿದಳು.

"ಅಮ್ಮಾ, ಈಗ ನಿನ್ನ ಹತ್ರ ಬರೀ ಸೋಪಿನ ವಾಸನೆ" ಎಂದಳು. ಅಡುಗೆಮನೆಯ ಕಡೆ ಕಣ್ಣು ಹೊರಳಿಸಿ, "ಒಂದೇ ಒಂದ್ಸಲ ಆ ಮುಚ್ಚಳ ತೆಗಿಯೇ."

"ತೆಗೆದ್ರೆ ಸತ್ವ ಎಲ್ಲ ಹಾರಿಹೋಗುತ್ತೆ ಪುಟ್ಟಾ."

"ಹಾರಿ ಎಲ್ಲಿಗೆ ಹೋಗುತ್ತೆ? ಈ ರೂಮಿಗೇ ತಾನೆ?"

ವಾಸಿಯಾದ ಮೇಲೆ ಕಾರ್ಖಾನೆಗೇ ಕರೆದುಕೊಂಡು ಹೋಗುತ್ತೇನೆ, ಹಂಡೆಯೊಳಗೇ ಇಳಿಸಿಬಿಡುತ್ತೇನೆ ಎಂದು ನಗಿಸಲು ನೋಡಿದೆ. ನನಗಾಗಿ ಸ್ವಲ್ಪ ನಕ್ಕಳು. ಮತ್ತೆ ಕೇಳಲಿಲ್ಲ. ಅವಳು ಹಟ ಮಾಡುವ ಮಗುವಲ್ಲ.

ಅದಾದ ನಾಲ್ಕನೇ ದಿನ ಬೆಳಿಗ್ಗೆ ಅವಳ ಅಪ್ಪ ನನ್ನನ್ನು ಕೂಗಿದಾಗ ನಾನು ಹಿಟ್ಟು ಕಲಸುತ್ತಿದ್ದೆ. ಕೈ ತೊಳೆಯದೆ ಓಡಿದೆ. ಅವಳ ಕೆನ್ನೆಯ ಮೇಲೆ ನನ್ನ ಬೆರಳಿನ ಹಿಟ್ಟು ಅಂಟಿತು. ಅದನ್ನು ಒರೆಸಿದ್ದು ನೆನಪಿದೆ. ಬೇರೆ ಹೆಚ್ಚೇನೂ ನೆನಪಿಲ್ಲ.

ಎರಡು ತಿಂಗಳ ಮೇಲೆ ಮೇಸ್ತ್ರಿಯವರು ಒಂದು ತೋಳುತುಂಬ ಪುದೀನ ಹಿಡಿದು ಬಂದರು. ನಿನ್ನ ಜಾಗ ಹಾಗೇ ಇದೆ, ಮನಸ್ಸಾದಾಗ ಬಾ ಎಂದರು. ಇರುವೆಯ ಹೆಸರೆತ್ತಲಿಲ್ಲ. ಚಪ್ಪಲಿ ಮೆಟ್ಟುವಾಗ ಕಣ್ಣೊರೆಸಿಕೊಂಡರು.

ಸೊಪ್ಪು ತೊಳೆದು ಅದೇ ಪಾತ್ರೆಗೆ ಹಾಕಿದೆ. ಅಭ್ಯಾಸಬಲದಿಂದ ಹಿಟ್ಟನ್ನೂ ಕಲಸಿದ್ದೆ. ಅದನ್ನು ಬದಿಗಿಟ್ಟೆ. ಮುಚ್ಚಳವನ್ನು ಮುಟ್ಟಲಿಲ್ಲ.

ನೀರು ಕುದಿಯುತ್ತಿದ್ದಂತೆ ಘಮ ಅಡುಗೆಮನೆ ದಾಟಿತು. ನಮ್ಮ ಮನೆಯವರು ಪತ್ರಿಕೆ ಕೆಳಗಿಟ್ಟು ಬಂದರು. ಒಲೆಯನ್ನು ನೋಡಿದರು, ನನ್ನನ್ನು ನೋಡಿದರು. ಹೋಗಿ, ಅಂದಿನಿಂದ ಮುಚ್ಚಿದ್ದ ಅವಳ ಕೋಣೆಯ ಬಾಗಿಲನ್ನು ತೆರೆದರು. ಆಮೇಲೆ ಒಂದೊಂದಾಗಿ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದರು. ಇಬ್ಬರೂ ಅವಳ ಮಂಚದ ಅಂಚಿನಲ್ಲಿ ಕೂತೆವು.

ಸ್ವಲ್ಪ ಹೊತ್ತಿಗೆ ಇವರು, "ಹೋಗ್ತಾ ಇದೆ ಅಲ್ವಾ" ಎಂದರು.

ಹೋಗುತ್ತಿಲ್ಲ, ಮೂಗು ಮಂಕಾಗಿದೆ ಎಂದೆ. ಇವರನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಹತ್ತು ಉಸಿರು ಎಣಿಸಿದೆ. ಒಳಗೆ ಬಂದೆವು. ಇತ್ತು. ಮನೆಯ ತುಂಬಾ ಇತ್ತು. ಮತ್ತೆ ಹೋಗಿ ಬಂದೆವು. ಆಗಲೂ ಇತ್ತು, ತೆಳ್ಳಗೆ. ಪಾತ್ರೆಯ ನೀರು ಬತ್ತುತ್ತಾ ಬಂದಿದ್ದರಿಂದ ಒಲೆ ಆರಿಸಿದೆ.

ಸಂಜೆಯ ಹೊತ್ತಿಗೆ ಮೂರನೇ ಸಲ ಒಳಗೆ ಬಂದಾಗ ಇವರು ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿ ಉಸಿರೆಳೆದರು.

"ಇದೆ" ಎಂದರು. "ಇನ್ನೂ ಇದೆ ಕಣೇ."

ಹನ್ನೊಂದು ವರ್ಷ ಸೋರಿಕೆ ಹುಡುಕಿದ ಮೂಗು ನನ್ನದು. ಏನೂ ಇರಲಿಲ್ಲ.

ಹೂಂ, ಇದೆ ಎಂದೆ.