ಬಿಟ್ಟಿ ಓಟ

“ಲೇ ವಿಠಲ, ಕಾಲು ಒರೆಸ್ಕೊಂಡು ಹತ್ತೋ. ನಮ್ಮನೆಯವ್ರು ಮಡೀಲಿದ್ದಾರೆ.”

ಹಿಂದಿನ ಸೀಟಿನಿಂದ ಫೈನಾನ್ಸ್ ಕಂಪನಿಯ ಮ್ಯಾನೇಜರ್ ಕೃಷ್ಣಮೂರ್ತಿ ಗದರಿದ. ಕಾಸರಗೋಡಿನ ವಿಠಲ ತನ್ನದೇ ಟ್ಯಾಕ್ಸಿಗೆ ಕಾಲು ಒರೆಸಿಕೊಂಡು ಹತ್ತಿದ. ಸಾಲದ ಕಂತು ತಪ್ಪಿದಂದಿನಿಂದ ಅದು ಹೆಸರಿಗಷ್ಟೇ ಅವನದು. ಕಂಪನಿಯವರು ಒಳಗೆಲ್ಲೋ ಒಂದು ಪೆಟ್ಟಿಗೆ ಕೂರಿಸಿದ್ದರು. ಕೊಚ್ಚಿಯ ಯಾವ ಸಂದಿಯಲ್ಲಿದ್ದರೂ ಕಾರು ಮ್ಯಾನೇಜರನ ಫೋನಿನಲ್ಲಿ ಕಾಣುತ್ತಿತ್ತು. ಅವನು ಬೆರಳೊತ್ತಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಒತ್ತದೆ ಇರುವ ದೊಡ್ಡ ಮನಸ್ಸಿಗೆ ಪ್ರತಿಯಾಗಿ ವಿಠಲ ಬಿಟ್ಟಿ ಓಡಿಸಬೇಕು. ಒಂದು ದಿನ ಮಗಳ ಶಾಲೆ, ಒಂದು ದಿನ ಗ್ಯಾಸ್ ಸಿಲಿಂಡರ್, ಇಂದು ಆಲುವದ ದೇವಸ್ಥಾನ. ಕನ್ನಡದವನು ಕನ್ನಡದವನಿಗೆ ಮಾಡುವ ಉಪಕಾರವಂತೆ ಇದು.

“ಸಾರ್, ಹೆಂಡತಿಯನ್ನು ಇವತ್ತು ಆಸ್ಪತ್ರೆಯಿಂದ ಬಿಡ್ತಾರೆ. ಹೊಟ್ಟೆ ಕೊಯ್ದದ್ದು. ಬೆಳಿಗ್ಗೆಯಿಂದ ಬೆಂಚಿನಲ್ಲಿ ಕೂತಿದ್ದಾಳೆ. ಕಳಮಶ್ಶೇರಿ ದಾರಿಯಲ್ಲೇ ಉಂಟಲ್ಲ, ಹತ್ತಿಸಿಕೊಂಡು ಹೋಗುವ.”

ಮಡಿಲಲ್ಲಿ ಹೂವಿನ ತಟ್ಟೆ ಇಟ್ಟುಕೊಂಡಿದ್ದ ಮ್ಯಾನೇಜರನ ಹೆಂಡತಿ ಅಪರ್ಣಾ ಮುಖ ಸಿಂಡರಿಸಿದಳು. “ಆಸ್ಪತ್ರೆ ಮೈಲಿಗೇನ ಕೂರಿಸ್ಕೊಂಡು ದೇವ್ರ ಹತ್ರ ಹೋಗೋದಾ? ಹೇಳ್ರೀ ಅವನಿಗೆ.”

“ಆಟೋ ಮಾಡ್ಕೊಂಡು ಹೋಗ್ತಾಳೆ ಬಿಡೋ. ನಿಮ್ಮಂಥೋರ ಮೈ ಗಟ್ಟಿ” ಎಂದ ಕೃಷ್ಣಮೂರ್ತಿ.

ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ವಿಠಲನಲ್ಲಿ ಉಳಿದಿರಲಿಲ್ಲ. ಆದರೂ ಕಳಮಶ್ಶೇರಿಯಲ್ಲಿ ಕಾರು ತಿರುಗಿಸಿ ಆಸ್ಪತ್ರೆಯ ಬಾಗಿಲಿಗೇ ತಂದು ನಿಲ್ಲಿಸಿದ. ಬೈಗುಳ ಬೆನ್ನಿಗೆ ಬೀಳುತ್ತಿದ್ದರೂ ಇಳಿದುಹೋಗಿ, ಹೆಂಡತಿ ಕುಸುಮಾವತಿಯನ್ನು ಮೆಲ್ಲಗೆ ನಡೆಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರಿಸಿದ. ಕೀ ತಿರುಗಿಸಿದ. ಕಾರು ಕಮಕ್ ಕಿಮಕ್ ಎನ್ನಲಿಲ್ಲ.

ಕೃಷ್ಣಮೂರ್ತಿ ಫೋನು ಎತ್ತಿ ತೋರಿಸಿದ. “ಅವಳನ್ನ ಇಳಿಸು, ಆನ್ ಮಾಡ್ತೀನಿ. ಇಲ್ದಿದ್ರೆ ಇಲ್ಲಿಂದ್ಲೇ ಜಪ್ತಿ ಗಾಡಿಗಳ ಯಾರ್ಡಿಗೆ ಎಳೆಸ್ತೀನಿ, ಬೋಳಿಮಗನೇ.”

ಹಿಂದೆ ಹಾರ್ನುಗಳು ಶುರುವಾದವು. ಗಾಡಿ ತೆಗೆಯೆಂದು ಕಾವಲುಗಾರ ಕಿಟಕಿ ಬಡಿದ. “ಚೇಟ್ಟಾ, ವಂಡಿ ಮಾಟ್ಟ್!”

ವಿಠಲ ಇಳಿದ. ಹೆಂಡತಿಯನ್ನೂ ಇಳಿಸಿದ. ಅವನು ದಾರಿಗೆ ಬಂದನೆಂದು ಕೃಷ್ಣಮೂರ್ತಿ ಹಲ್ಲುಕಿರಿಯುತ್ತಿದ್ದಂತೆ ವಿಠಲ ಕೀಯನ್ನು ಅಪರ್ಣಾಳ ತಟ್ಟೆಗೆ ಎಸೆದ.

“ಕಾರು ನಿಂದಲ್ವಾ? ಇಳಿದು ದೂಡು, ರಂಡೇಮಗನೇ.”

ಮನೆ ಕಡೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕುಸುಮಾವತಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಹೊಲಿಗೆ ಒತ್ತಿಕೊಂಡಿದ್ದಳು.

“ಇನ್ನು ಕಾರು ಸಿಗುದಿಲ್ಲ ಅಲ್ವಾ?”

“ಇಲ್ಲ.”

“ಸಾಯ್ಲಿ” ಎಂದವಳು ಹಾಗೆಯೇ ಅಳತೊಡಗಿದಳು. ಹೊಲಿಗೆಯ ನೋವಿಗೋ, ನಾಳೆಯ ಹೊಟ್ಟೆಗೋ, ವಿಠಲ ಕೇಳಲಿಲ್ಲ.